ಬೀರಪ್ಪನ ಮುಂದೆ ಎತ್ತಿದ ಚೀಟಿ

"ಇದು ನಿಮ್ಮ ದುಃಖ ಆತು. ಇದರಾಗ ಸಮಸ್ಯಾ ಎಲ್ಲಿ ಅದ?" ಎಂದು ಕೇಳಿ ನನ್ನ ಮಾರ್ಗದರ್ಶಕರು, ನಾನು ಬರೆದುಕೊಂಡು ಹೋಗಿದ್ದ ಹಾಳೆಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಧಾರವಾಡದ ಅವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ನಾನು ಜಮಖಂಡಿಯಿಂದ ಮುಧೋಳದ ಮೇಲೆ ಹಾಯ್ದು ಇಡೀ ದಿನ ಬಸ್ಸಿನ ಧೂಳು ಕುಡಿದು ಬಂದಿದ್ದೆ. ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

ನಾನಾಗ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿತ್ತು. ಅಲ್ಲಿಯವರೆಗೆ ಅರಮನೆಯ ಕಡೆ ಮುಖ ಮಾಡಿ ನಿಂತಿದ್ದ ಊರು ಈಗ ಮುಂಬಯಿಯಿಂದ ಬರುವ ಸುತ್ತೋಲೆಗಳ ಕಡೆ ಮುಖ ತಿರುಗಿಸಿತ್ತು. ನಮ್ಮ ಹಾಲುಮತದ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಎಂ.ಎಡ್. ಮಾಡಬೇಕು, ಅದಕ್ಕೊಂದು ಪ್ರಬಂಧ ಬರೆಯಬೇಕು, ಅದೂ ನಮ್ಮವರ ಬಗ್ಗೆಯೇ ಬರೆಯಬೇಕು ಎಂಬ ಹಟ ಹಿಡಿಯಿತು. ಕುರಿ ಕಾಯುವವರ ಮಕ್ಕಳು ಶಾಲೆಯ ಹೊರಗೆ ಏಕೆ ಉಳಿಯುತ್ತಾರೆ ಎಂಬುದು ನಾನು ಒಯ್ದ ವಿಷಯ.

ಮಾರ್ಗದರ್ಶಕರು ಕೆಟ್ಟವರಲ್ಲ. ವಿಲಾಯತಿಯಲ್ಲಿ ಓದಿ ಬಂದವರಾದರೂ ಚಹಾ ತಾವೇ ತಂದು ಕೊಡುತ್ತಿದ್ದರು. ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ನಿಮ್ಮ ಪ್ರಶ್ನೆಗೆ ಉತ್ತರ ನಿಮಗೆ ಮೊದಲೇ ಗೊತ್ತಿದೆ, ಊರಿಗೂ ಗೊತ್ತಿದೆ. ಹಗಲು ಮಕ್ಕಳು ಮರಿಗಳ ಹಿಂದೆ ಹೋಗುತ್ತಾರೆ, ಶಾಲೆ ಹಗಲು ನಡೆಯುತ್ತದೆ, ಅಷ್ಟೇ. ಗೊತ್ತಿದ್ದದ್ದನ್ನೇ ದೊಡ್ಡ ದನಿಯಲ್ಲಿ ಹೇಳಿದರೆ ಸಂಶೋಧನೆ ಆಗುವುದಿಲ್ಲ. ಗೊತ್ತಿಲ್ಲದ ಒಂದು ಸಣ್ಣ ಮಾತು ಹಿಡಿಯಿರಿ, ಅಳೆಯಲಿಕ್ಕೆ ಬರುವಂಥದ್ದು ಇರಲಿ ಎಂದರು. ಬಸ್‌ಸ್ಟ್ಯಾಂಡಿನವರೆಗೂ ನಾನು ಅವರನ್ನು ಮನಸ್ಸಿನಲ್ಲೇ ಬಯ್ದುಕೊಂಡು ನಡೆದೆ. ಬಸ್ಸು ಹತ್ತಿ ಕುಳಿತ ಮೇಲೆ ಅವರು ಹೇಳಿದ್ದು ಖರೆ ಅನ್ನಿಸಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಜಮಖಂಡಿಯಿಂದ ಮುಧೋಳದ ಕಡೆ ಸೈಕಲ್ಲು ಹೊಡೆದರೆ ಒಂದು ಹಳ್ಳ ಸಿಗುತ್ತದೆ. ಅದರ ಎರಡೂ ದಂಡೆಗೆ ನಮ್ಮವರ ಎರಡು ವಸ್ತಿಗಳಿದ್ದವು. ಮೇಲಿನ ವಸ್ತಿ, ಕೆಳಗಿನ ವಸ್ತಿ ಎಂದೇ ಕರೆಯುತ್ತಿದ್ದರು. ಒಂದೇ ದೇವರು, ಒಂದೇ ಗುಡಿ, ಕೊಟ್ಟು ತಂದ ಮನೆಗಳು. ನನ್ನ ಅಕ್ಕನನ್ನು ಕೆಳಗಿನ ವಸ್ತಿಗೆ ಕೊಟ್ಟಿದ್ದರು. ಅಕ್ಕನಿಗೆ ಒಬ್ಬಳೇ ಮಗಳು, ಚುರುಕು ಹುಡುಗಿ, ಆಡುವ ವಯಸ್ಸಿಗೇ ಮರಿ ಕಾಯಲು ಹೊರಟವಳು. ನಾನು ಹೋದಾಗಲೆಲ್ಲ ಅಕ್ಕನದು ಒಂದೇ ಮಾತು. "ತಮ್ಮಾ, ಈಕಿ ಒಂದ ಮುಲ್ಕಿ ಪಾಸಾಗಲಿ ನೋಡು. ಅಕ್ಕೋರಾಗಿ ನೆರಳಾಗ ಕುಂತು ಕಲಸಲಿ. ನನ್ನಂಗ ಬಿಸಲಾಗ ತಿರಗೂದು ಬ್ಯಾಡ." ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ದಾಟಿದರೆ ಆಗ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು. ಬನಹಟ್ಟಿಯ ಸೀರೆ ಉಟ್ಟು ಚೀಲ ಹಿಡಿದು ಶಾಲೆಗೆ ಹೋಗುವ ಅಕ್ಕೋರನ್ನು ಅವಳು ಮುಧೋಳದ ಪೇಟೆಯಲ್ಲಿ ನೋಡಿ ಬಂದಿದ್ದಳು. ಮಗಳನ್ನು ಆ ಸೀರೆಯಲ್ಲೇ ಕಾಣುತ್ತಿದ್ದಳು.

ಅವಳ ಅಂಗಳದಲ್ಲಿ ಕುಳಿತಾಗಲೇ ನನಗೆ ಆ ಸಣ್ಣ ಮಾತು ಹೊಳೆದದ್ದು. ಕುರಿಗಳು ಮನೆಗೆ ಬಂದ ಮೇಲೆ ಸಂಜೆ ವಸ್ತಿಯಲ್ಲೇ ಪಾಠ ಹೇಳಿದರೆ ಈ ಮಕ್ಕಳು ವರ್ಷದಲ್ಲಿ ಓದಲು ಬರೆಯಲು ಕಲಿಯುತ್ತಾರೋ ಇಲ್ಲವೋ? ಧಾರವಾಡಕ್ಕೆ ಮತ್ತೆ ಹೋದೆ. ಮಾರ್ಗದರ್ಶಕರ ಮುಖ ಅರಳಿತು. ಈಗ ಸಮಸ್ಯೆ ಆಯಿತು, ಇನ್ನು ಯೋಜನೆ ಹಾಕೋಣ ಎಂದು ತಾವೇ ಪೆನ್ಸಿಲ್ಲು ತೆಗೆದುಕೊಂಡರು. ಪಾಠದಿಂದಲೇ ಕಲಿತರು ಎಂದು ತೋರಿಸಬೇಕಾದರೆ, ಪಾಠವಿಲ್ಲದ ಅಂಥವೇ ಮಕ್ಕಳ ಇನ್ನೊಂದು ಗುಂಪು ಬೇಕು. ಒಂದು ವಸ್ತಿಗೆ ಪಾಠ, ಇನ್ನೊಂದು ವಸ್ತಿ ಹೋಲಿಕೆಗೆ. ವರ್ಷ ಮುಗಿದ ಮೇಲೆ ಎರಡನೆಯ ವಸ್ತಿಗೂ ಪಾಠ ಹೇಳಲು ಅಡ್ಡಿಯಿಲ್ಲ. ಯಾವ ವಸ್ತಿಗೆ ಎಂಬುದು ಬಂದಾಗ ನಾನು ಅಕ್ಕನ ಸಂಗತಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. ಹಾಗಾದರೆ ನೀವು ಆರಿಸಲೇಬಾರದು, ನಿಮ್ಮ ಮನಸ್ಸು ವಾಲುತ್ತದೆ, ನಾಲ್ಕು ಜನರ ಎದುರಿಗೆ ಚೀಟಿ ಎತ್ತಿರಿ ಎಂದರು. ನನಗೂ ಅದು ನ್ಯಾಯ ಅನ್ನಿಸಿತು. ಈಗಲೂ ಅದರಲ್ಲಿ ಅನ್ಯಾಯ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನಗೆ ತೋರಿಸಲು ಬರುವುದಿಲ್ಲ.

ಮೊದಲು ಎರಡೂ ವಸ್ತಿಯ ಮಕ್ಕಳನ್ನು ಪರೀಕ್ಷಿಸಿದೆ. ರಟ್ಟಿನ ಮೇಲೆ ಬರೆದ ಆಕಾರ ತೋರಿಸಿ ಮುಚ್ಚುವುದು, ಅದನ್ನು ಮಕ್ಕಳು ಉಸುಕಿನಲ್ಲಿ ಬರೆಯುವುದು. ಅಕ್ಕನ ಮಗಳು ಎಲ್ಲವನ್ನೂ ತಪ್ಪಿಲ್ಲದೆ ಬರೆದಳು. ಕೊನೆಗೆ, ಇನ್ನೂ ಅದಾವೇನು ಎಂದು ಕೇಳಿದಳು. ರಟ್ಟುಗಳು ಮುಗಿದಿದ್ದವು.

ಅಮಾವಾಸ್ಯೆಯ ದಿನ ಎರಡೂ ವಸ್ತಿಯವರು ಹಳ್ಳದ ದಂಡೆಯ ಬೀರಪ್ಪನ ಗುಡಿಗೆ ಬರುತ್ತಿದ್ದರು. ಅಂದೇ ನಾನೂ ಹೋಗಿ, ಈ ವರ್ಷ ಒಂದು ವಸ್ತಿಗೆ ಪಾಠ, ಬರುವ ವರ್ಷ ಇನ್ನೊಂದಕ್ಕೆ, ಮೊದಲು ಯಾರಿಗೆ ಎಂದು ಚೀಟಿ ಎತ್ತೋಣ ಎಂದು ಹೇಳಿದೆ. ಕಿಸೆಯಿಂದ ಚೀಟಿ ತೆಗೆದು ಅಲ್ಲೇ ಕಟ್ಟೆಯ ಮೇಲೆ ಇಡಲು ಹೋದಾಗ ಪೂಜಾರಿ ತಡೆದ. ಹಣ್ಣುಹಣ್ಣು ಮುದುಕ, ಎಲ್ಲರೂ ಅವನನ್ನು ಮುತ್ಯಾ ಅನ್ನುತ್ತಿದ್ದರು. ಯಾರ ಕುರಿ ಯಾವ ದಿಕ್ಕಿನ ಹುಲ್ಲಿಗೆ ಹೋಗಬೇಕು, ಯಾವ ಹೊಲದಲ್ಲಿ ಯಾರ ಹಟ್ಟಿ ಬೀಳಬೇಕು, ಇಂಥವನ್ನೆಲ್ಲ ನಮ್ಮವರು ಬೀರಪ್ಪನ ಮುಂದೆಯೇ ಕೇಳುತ್ತ ಬಂದವರು. ಮಕ್ಕಳ ವಿದ್ಯೆಯ ಮಾತನ್ನು ಕಟ್ಟೆಯ ಮೇಲೆ ಇಸ್ಪೀಟು ಎಸೆದ ಹಾಗೆ ತೀರಿಸುವುದೇ ಎಂದು ಅವನು ಕೇಳಿದ. ನನಗೆ ಸಂತೋಷವೇ ಆಯಿತು. ದೇವರ ಮುಂದೆ ಎತ್ತಿದರೆ ಯಾರೂ ತಂಟೆ ತೆಗೆಯುವುದಿಲ್ಲ, ವಿಲಾಯತಿಯ ಪದ್ಧತಿಯೂ ನಮ್ಮಜ್ಜಂದಿರ ಪದ್ಧತಿಯೂ ಒಂದೇ ಆಯಿತಲ್ಲ ಎಂದು ಒಳಗೊಳಗೇ ಬೀಗಿದೆ.

ಒಂದು ಚೀಟಿಯಲ್ಲಿ 'ಅ' ಬರೆದಿದ್ದೆ, ಇನ್ನೊಂದು ಖಾಲಿ. ಪೂಜಾರಿ ಅವೆರಡನ್ನೂ ದೇವರ ಮುಂದಿಟ್ಟು ಮೇಲೆ ಭಂಡಾರದ ಅರಿಷಿಣ ಮುಚ್ಚಿದ. ಡೊಳ್ಳು ಬಾರಿಸಿದರು. ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ಅರಿಷಿಣದೊಳಗೆ ಕೈಯಾಡಿಸಿ ಒಂದನ್ನು ಮೇಲಿನ ವಸ್ತಿಯ ಹಿರಿಯನಿಗೆ ಕೊಟ್ಟ, ಇನ್ನೊಂದನ್ನು ಕೆಳಗಿನ ವಸ್ತಿಯ ಹಿರಿಯನಿಗೆ. ಕೆಳಗಿನವರಿಗೆ ಖಾಲಿ ಬಂತು. ಆ ಹಿರಿಯ ಖಾಲಿ ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಅದನ್ನು ನೋಡಿ, ಎಷ್ಟು ಛಲೋ ಶಿಸ್ತಿನ ಜನ ಅಂದುಕೊಂಡೆ.

ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳು ಮೊದಲು ಎಲ್ಲರಿಗೂ ರೊಟ್ಟಿ ಬಡಿಸಿದಳು. ಕೊನೆಗೆ, ಒಂದು ವರ್ಷ ತಾನೆ, ತಡೆಯುತ್ತೇವೆ ಎಂದಳು. ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತು, ಬರುವ ವರ್ಷ ನಮ್ಮ ಪಾಳಿ ಹೌದಲ್ಲೋ ಮಾಮಾ ಎಂದು ಕೇಳಿದಳು. ಹೌದು ಎಂದೆ.

ಶಾಲೆ ಬಿಟ್ಟ ಮೇಲೆ ಸೈಕಲ್ಲು ಹೊಡೆದುಕೊಂಡು ಮೇಲಿನ ವಸ್ತಿಗೆ ಹೋಗಿ ಪಾಠ ಶುರುಮಾಡಿದೆ. ಕುರಿಗಳ ಗದ್ದಲ, ನಾಯಿಗಳ ಓಡಾಟ, ಹೊಗೆ, ಅದರ ನಡುವೆ ಪಾಟಿ ಹಿಡಿದ ಮಕ್ಕಳು. ಸ್ವಲ್ಪ ದಿನಕ್ಕೆ ಅಕ್ಕನ ಮಗಳು ಹಳ್ಳ ದಾಟಿ ಬಂದು ಎಲ್ಲರ ಹಿಂದೆ ಕೂರತೊಡಗಿದಳು. ಯೋಜನೆಯ ಪ್ರಕಾರ ಅವಳು ಅಲ್ಲಿ ಇರಬಾರದು. ಹಾಳಾಗಿ ಹೋಗಲಿ ಯೋಜನೆ ಎಂದು ನಾನು ಕಂಡೂ ಕಾಣದವನಂತೆ ಪಾಠ ಮುಂದುವರಿಸಿದೆ. ಒಂದು ಸಂಜೆ ಅವಳು ಕಾಣಲಿಲ್ಲ, ಮರುದಿನವೂ ಕಾಣಲಿಲ್ಲ. ವಿಚಾರಿಸಿದರೆ, ಮೇಲಿನ ವಸ್ತಿಯ ಹೆಂಗಸೊಬ್ಬಳು ಅವಳ ಕೈಗೆ ಬೆಲ್ಲ ಕೊಟ್ಟು, ಹಳ್ಳದವರೆಗೂ ತಾನೇ ನಡೆದು ಹೋಗಿ, ಇನ್ನು ಬರಬೇಡ ಎಂದು ಕಳಿಸಿ ಬಂದಿದ್ದಳಂತೆ. ಆ ಹೆಂಗಸನ್ನು ಕರೆಸಿ, ಯಾಕೆ ಎಂದು ನಾನು ರೇಗಿದೆ. ಅವಳು ತಗ್ಗಿಸಿದ ದನಿಯಲ್ಲಿ ಹೇಳಿದಳು. "ಅವರಿಗಿ ಖಾಲಿ ಬಂದೈತಲ್ರಿ ಮಾಸ್ತರ. ಅವರ ಹುಡುಗಿ ಇಲ್ಲಿ ಕುಂತ್ರ ನಮಗ ಕೊಟ್ಟಿದ್ದೂ ದೇವ್ರು ಕಸಗೊಂಡಾನು."

ಚೀಟಿಯ ಅರ್ಥ ಅದಲ್ಲ ಎಂದು ಅವಳಿಗೂ ಅವಳ ಅತ್ತೆಗೂ ಬಿಡಿಸಿ ಹೇಳಿದೆ. ಇಬ್ಬರೂ ಹೂಂ ಹೂಂ ಎಂದರು, ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಮಾರ್ಗದರ್ಶಕರಿಗೆ ತಿಳಿಸಿದರೆ, ಒಳ್ಳೆಯದೇ ಆಯಿತು, ಎರಡು ಗುಂಪು ತಾವಾಗಿಯೇ ಬೇರೆ ಉಳಿದವು ಎಂದರು.

ವರ್ಷ ತುಂಬಿತು. ಮೇಲಿನ ವಸ್ತಿಯ ಮಕ್ಕಳು ಎರಡನೆಯ ಪುಸ್ತಕವನ್ನು ಗಡಗಡ ಓದುತ್ತಿದ್ದರು. ಕೆಳಗಿನ ವಸ್ತಿಯ ಮಕ್ಕಳು ಇದ್ದಲ್ಲೇ ಇದ್ದರು. ಇಷ್ಟು ಸ್ವಚ್ಛವಾದ ಫಲಿತಾಂಶ ಅಪರೂಪ ಎಂದು ಮಾರ್ಗದರ್ಶಕರು ನನ್ನ ಬೆನ್ನು ಚಪ್ಪರಿಸಿದರು. ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದೇನು. ಬರುವಾಗ ಮುಧೋಳದಲ್ಲಿ ಇಳಿದು ಹೊಸ ಪಾಟಿಗಳನ್ನು ಕೊಂಡು ಕೆಳಗಿನ ವಸ್ತಿಗೇ ನೆಟ್ಟಗೆ ಹೋದೆ.

ಹಿರಿಯರು ಕಟ್ಟೆಗೆ ಬಂದು ಕುಳಿತರು. ಪಾಟಿಗಳನ್ನು ಯಾರೂ ಮುಟ್ಟಲಿಲ್ಲ. ಮಳೆಯ ಮಾತು, ಉಣ್ಣೆಯ ಮಾತು, ಬೀಳಗಿಯ ಬೀಗರ ಮಾತು ಎಲ್ಲ ಆಯಿತು. ಕೊನೆಗೆ ಅಕ್ಕನ ಗಂಡನೇ ಬಾಯಿ ಬಿಟ್ಟ. ನಮಗೆ ಬೇಡ ಎಂದಿದ್ದಾನೆ ಬೀರಪ್ಪ, ಬೇಡ ಎಂದದ್ದನ್ನು ನಾವು ಹೇಗೆ ತೆಗೆದುಕೊಳ್ಳುವುದು ಎಂದ. ಅದು ಒಂದು ವರ್ಷದ ಮಾತು ಎಂದು ನಾನು ಹೇಳಿದೆ, ಕೂಗಿದೆ, ಎದೆ ಬಡಿದುಕೊಂಡೆ. ಕೊಟ್ಟ ಖಾಲಿ ಚೀಟಿಯಲ್ಲಿ ಒಂದು ವರ್ಷ ಎಂದು ದೇವರು ಎಲ್ಲಿ ಹೇಳಿದ್ದಾನೆ ಎಂದು ಒಬ್ಬ ಮುದುಕ ಸಾವಕಾಶ ಕೇಳಿದ. ಯಾರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಪೂಜಾರಿಯ ಹತ್ತಿರ ಓಡಿದೆ. ಇನ್ನೊಮ್ಮೆ ಚೀಟಿ ಇಡು ಮುತ್ಯಾ ಎಂದು ಕಾಲು ಹಿಡಿದೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಪದ್ಧತಿ ಇಲ್ಲ ಎಂದ. ಆಗ ನನ್ನ ತಲೆ ಕೆಟ್ಟಿತು. ಅದು ದೇವರ ಮಾತೇ ಅಲ್ಲ, ಬರೇ ಕಾಗದ, ಅಭ್ಯಾಸಕ್ಕಾಗಿ ನಾನೇ ಹೂಡಿದ ಒಂದು ಉಪಾಯ ಎಂದುಬಿಟ್ಟೆ.

"ಹಂಗಾರ ಆವತ್ತ ಕೈ ಯಾಕ ಮುಗದ್ಯೋ ತಮ್ಮಾ?" ಎಂದ ಮುದುಕ.

ಎದ್ದು ಬಂದೆ.

ಅಕ್ಕ ಮಾತ್ರ ಸೋಲಲಿಲ್ಲ. ಗಂಡನನ್ನು ಹೇಗೆ ಒಪ್ಪಿಸಿದಳೋ, ಅತ್ತು ಒಪ್ಪಿಸಿದಳೋ ಉಪವಾಸ ಬಿದ್ದು ಒಪ್ಪಿಸಿದಳೋ ನನಗೆ ಹೇಳಲಿಲ್ಲ. ವಸ್ತಿಯಲ್ಲಿ ಓದಿದರೆ ತಾನೆ ತಪ್ಪು, ಜಮಖಂಡಿಯಲ್ಲಿ ಸೋದರಮಾವನ ಮನೆಯಲ್ಲಿ ಓದಿದರೆ ದೇವರ ಅಡ್ಡಿ ಏನು ಎಂದು ವಾದ ಹೂಡಿದ್ದಳಂತೆ. ಭಾವ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ, ಹುಡುಗಿಯನ್ನು ಕಳಿಸುವ ದಿನ ಬೆಳಿಗ್ಗೆ ಬೇಗನೆ ಕುರಿ ಹೊಡೆದುಕೊಂಡು ಹೋಗಿಬಿಟ್ಟ. ಅಕ್ಕ ನನಗೆ ಮೊದಲೇ ಹೇಳಿಕಳಿಸಿದ್ದಳು. ನಾನು ಸೈಕಲ್ಲಿನ ಹಿಂದೆ ಗೋಣಿತಟ್ಟು ಮಡಿಸಿ ಕಟ್ಟಿಕೊಂಡು ಹೋದೆ. ಅಕ್ಕ ಮಗಳ ಬಟ್ಟೆಯ ಗಂಟು ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ದಳು. ರೊಟ್ಟಿ, ನಂಚಿಕೊಳ್ಳಲು ಶೇಂಗಾದ ಹಿಂಡಿ ಬೇರೆ ಕಟ್ಟಿದ್ದಳು. ಅಷ್ಟು ನಗುಮುಖದ ಅಕ್ಕನನ್ನು ನಾನು ಅವಳ ಮದುವೆಯಾದ ಮೇಲೆ ನೋಡಿರಲಿಲ್ಲ.

ಹುಡುಗಿ ತಲೆ ಬಾಚಿಕೊಂಡು ಸಿದ್ಧಳಾಗಿದ್ದಳು, ಆದರೆ ಅಂಗಳದ ಕಂಬ ಹಿಡಿದು ನಿಂತಲ್ಲಿಂದ ಕದಲಲಿಲ್ಲ. ಅಕ್ಕ ಕೈಹಿಡಿದು ಎಳೆದಳು. ನಾನು ಪುಸಲಾಯಿಸಿದೆ, ಹೈಸ್ಕೂಲಿನ ಗಂಟೆಯ ಬಗ್ಗೆ, ಚಿತ್ರಗಳ ಪುಸ್ತಕದ ಬಗ್ಗೆ ಏನೇನೋ ಹೇಳಿದೆ. ಅವಳು ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ದೊಡ್ಡವರು ಸಣ್ಣವರಿಗೆ ತಿಳಿಸಿ ಹೇಳುವ ದನಿಯಲ್ಲಿ ನನಗೆ ಹೇಳಿದಳು.

"ಬೀರಪ್ಪ ನನಗ ಬ್ಯಾಡ ಅಂದಾನಲ್ಲ ಮಾಮಾ. ನಾ ಬಂದ್ರ ಅಪ್ಪನ ಕುರಿ ಸಾಯತಾವು."

ಅಕ್ಕ ಅವಳ ಕೈ ಬಿಟ್ಟಳು. ಹುಡುಗಿ ಮರಿಗಳನ್ನು ಬಿಚ್ಚಿಕೊಂಡು ಗುಡ್ಡದ ಕಡೆಗೆ ಹೊರಟಳು. ಅಕ್ಕ ಹೊಸ್ತಿಲ ಮೇಲೆ ಕುಳಿತು ಗಂಟು ಬಿಚ್ಚಿ, ಲಂಗ, ಪೋಲಕ ಒಂದೊಂದೇ ಕೊಡವಿ, ಒಳಗೆ ಹೋಗಿ ಮೊದಲಿದ್ದ ಗೂಟಕ್ಕೇ ಹಾಕಿ ಬಂದಳು. ಆಮೇಲೆ ನನಗೆ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಮಗಳ ಪಾಲು ತೆಗೆದಿಟ್ಟುಕೊಂಡಳು.