ಬೆನ್ನು ತಿರುಗಿಸಿ ಕೇಳಿದ ಮೊದಲ ಮಾತು

ಬೇಕರಿಯಲ್ಲಿ ಬೆನ್ನು ತಿರುಗಿಸಿ ಕುಳಿತು ಕಿವಿಯನ್ನು ಮಾತ್ರ ಹಿಂದಕ್ಕೆ ಬಿಡುವ ವಿದ್ಯೆ ನನಗೆ ಬರುತ್ತದೆ. ಕತ್ತೆಗೆ ಇದು ಹುಟ್ಟಿನಿಂದ ಬಂದಿರುತ್ತದೆ. ನಾನು ಕೂಡುಕುಟುಂಬದಲ್ಲಿ ಕಲಿತೆ. ಹೋದ ಸೋಮವಾರ ಕೊಳ್ಳೇಗಾಲದಲ್ಲಿ ಅದು ಉಪಯೋಗಕ್ಕೆ ಬಂತು. ಮಾದಪ್ಪ ದೇವರ ವಾರ, ನನಗೆ ಒಪ್ಪೊತ್ತಿನ ಉಪವಾಸ. ಬೆಣ್ಣೆ ಬಿಸ್ಕತ್ತಿನ ಗಾಜಿನ ಪೆಟ್ಟಿಗೆಯ ಎದುರು ಬರೀ ನೀರು ಕುಡಿಯುತ್ತ ಕೂತಿದ್ದೆ. ಬಾಯಿ ಖಾಲಿ ಇದ್ದರೆ ಕಿವಿ ಚುರುಕು. ಇದೂ ಅವನ ಕೃಪೆಯೇ.

ಹಿಂದಿನ ಮೇಜಿನಲ್ಲಿ ನನ್ನ ಅಕ್ಕನ ಮಗಳು, ಮಾಂಬಳ್ಳಿಯ ಸೌಮ್ಯ. ಅವಳೆದುರು ಹನೂರು ಕಡೆಯ ಬಂಡಳ್ಳಿಯ ಹುಡುಗ. ಈಗ ಮದುವೆ ಮಾತಿಗೆ ಮುಂಚೆ ಹುಡುಗ ಹುಡುಗಿ ತಾವೇ ಕೂತು ಮಾತಾಡಬೇಕಂತೆ. ಒಳ್ಳೆಯದೇ. ಆದರೆ ಸೌಮ್ಯ ಹೊಸಬರೆದುರು ಬಾಯಿ ಬಿಡುವವಳಲ್ಲ. ಈ ಮೊದಲು ಇಬ್ಬರು ಬಂದು, ಜ್ಯೂಸು ಕುಡಿದು, "ಉಡ್ಗಿಗೆ ಮಾತು ಬತ್ತದಾ?" ಎಂದು ಹೇಳಿಕಳಿಸಿದ್ದರು. ಅವಳಪ್ಪ, ನಮ್ಮ ಭಾವ, ಈ ಸಲ ಖಡಾಖಂಡಿತವಾಗಿ ಅಂದಿದ್ದರು: "ಇವತ್ತೂ ಬಾಯ್ಗೆ ಬೀಗ ಆಕಂಡು ಬಂದ್ರೆ ಮುಗೀತು ಕಣವ್ವ. ಮುಂದ್ಕೆ ನಾ ತೋರ್ಸ್ದೋನ್ಗೇ ತಲೆ ಬಗ್ಸು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಪಾಠ ಹೇಳಿದ್ದೆ. ಮಳೆ ಹೇಗೆ ಅಂತ ಕೇಳು, ಯಾವ ಸಾರು ಇಷ್ಟ ಅಂತ ಕೇಳು. ಈ ವಿಷಯದಲ್ಲಿ ನನ್ನ ಅನುಭವ ದೊಡ್ಡದು. ನನ್ನನ್ನು ನೋಡಲು ಬಂದ ನಮ್ಮ ಯಜಮಾನರು ಹಿತ್ತಲಿನಲ್ಲಿ ಕೇಳಿದ್ದು, "ಈ ಎಮ್ಮೆ ಒದೀತದಾ?" ನಾನಂದೆ, "ಗುರ್ತಿಲ್ದೋರ್ಗೆ ಒದೀತದೆ." ಅಷ್ಟೇ ಮಾತು. ಅಷ್ಟರ ಮೇಲೇ ಇಷ್ಟು ವರ್ಷದ ಸಂಸಾರ ನಿಂತಿದೆ.

ಹರಿಕಥೆಯಲ್ಲಿ ಕೇಳಿದ್ದೇನೆ: ತಪಸ್ಸಿಗೆ ಕೂತ ಪಾರ್ವತಿಯ ಮುಂದೆ ಶಿವ ಬೇರೆ ವೇಷದಲ್ಲಿ ಬಂದು, "ಆ ಬೂದಿಬಡುಕನಲ್ಲಿ ಏನು ಕಂಡೆ?" ಎಂದು ತನ್ನನ್ನೇ ಹಳಿದುಕೊಂಡನಂತೆ. ಅವಳು ರೇಗಿದಳು, ಮಾತು ಶುರುವಾಯಿತು. ಮೂರು ಲೋಕದ ಒಡೆಯನಿಗೇ ಮೊದಲ ಮಾತಿಗೆ ಇಷ್ಟು ನಾಟಕ ಬೇಕಾದರೆ ಬಂಡಳ್ಳಿಯ ಹುಡುಗ ಏನು ಮಾಡಿಯಾನು?

ಸೆಂಟು ಹೊಡೆದುಕೊಂಡು ಬಂದಿದ್ದ. ಅರ್ಧ ಬಾಟಲಿಯಾದರೂ ಸುರಿದಿರಬೇಕು. ನನ್ನ ಲೋಟದ ನೀರಿಗೂ ಮಲ್ಲಿಗೆಯ ರುಚಿ ಬಂದಿತ್ತು. ಅವನ ಕುರ್ಚಿ ಮುಂದಕ್ಕೆ ಸರಿದ ಸದ್ದು. ಇವಳದು ಹಿಂದಕ್ಕೆ ಸರಿದ ಸದ್ದು. ಮತ್ತೆ ಅವನದು, ಮತ್ತೆ ಇವಳದು. ಕೊನೆಗೆ ಇವಳ ಕುರ್ಚಿ ನನ್ನ ಬೆನ್ನಿಗೇ ಬಂದು ತಾಗಿತು. ಭಾವನ ಮುಖ ಕಣ್ಣ ಮುಂದೆ ಬಂತು, ಮಾದಪ್ಪಾ ಎಂದೆ.

"ನನ್ ಕಂಡ್ರೆ ಆಗಕಿಲ್ವಾ? ಏಳ್ಬುಡಿ, ಎದ್ದೋಯ್ತೀನಿ," ಎಂದ ಹುಡುಗ.

"ನಿಮ್ಮುನ್ನಲ್ಲ ಕಣ್ರಿ, ಆ ಸೆಂಟು!" ಸೌಮ್ಯಳ ಬೀಗ ಬಿಚ್ಚಿತು. "ನಮ್ಮನೇಲಿ ಉಳ ನಾಕ್ನೇ ಜ್ವರ ಎದ್ದವೆ. ಸಂಜಿಕೆ ಸೊಪ್ಪಾಕ್ಬೇಕು. ಈ ವಾಸ್ನೆ ಒತ್ಕಂಡೋದ್ರೆ ನಮ್ಮವ್ವ ಒಳಕ್ಕೇ ಬುಡಕಿಲ್ಲ."

ರೇಷ್ಮೆಹುಳು ಸಾಕುವ ಮನೆಗೆ ಸೆಂಟು, ಪೌಡರು, ಬೀಡಿ ಯಾವುದೂ ಸೋಕುವಂತಿಲ್ಲ. ನಾಲ್ಕನೇ ಜ್ವರ ಕಳೆದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುವಿಗಂತೂ ಬಾಣಂತಿಯ ಉಪಚಾರ.

ಹುಡುಗ ಹಣೆ ಚಚ್ಚಿಕೊಂಡ ಸದ್ದು. "ಅಯ್ಯೋ, ನಮ್ಮನೇಲೂ ಉಳವೇ ಕಣ್ರಿ! ಮೊನ್ನೆ ಗೂಡು ಬಿಡ್ಸುದ್ವಿ. ಅಲ್ಲೀಗಂಟ ವಾಸ್ನೆ ಸೋಪೂ ಮುಟ್ಟಂಗಿರ್ನಿಲ್ಲ. ಅದ್ಕೇ ಇವತ್ತು ಆಸೆ ತೀರಾ ಒಡ್ಕಂಡ್ ಬಂದೆ."

"ತೀರ್ತಾ ಆಸೆ?"

"ನಿಮ್ ಕುರ್ಚಿ ಓದ್ ದೂರ ನೋಡಿ ತೀರ್ತು."

ನನ್ನೆದುರಿನ ನಲ್ಲಿಗೆ ಹೋಗಿ ಕತ್ತು ಕಾಲರು ತೊಳೆದುಕೊಂಡು ತೊಟ್ಟಿಕ್ಕುತ್ತ ಬಂದು ಕೂತ. ಆಮೇಲೆ ನೋಡಿ, ನನ್ನ ಸಾರೂ ಇಲ್ಲ, ಮಳೆಯೂ ಇಲ್ಲ. ಹುಳು ಗೂಡು ಕಟ್ಟಲು ಬಿದಿರಿನ ತಟ್ಟಿಯೇ ಸರಿ ಎಂದು ಇವಳು; ಪ್ಲಾಸ್ಟಿಕ್ಕಿನದೇ ವಾಸಿ ಎಂದು ಅವನು.

"ಬುಡಿ, ನೀವು ಅಜ್ಜಿ ಕಾಲ್ದೋರು."

"ಅಜ್ಜಿ ಕಾಲ್ದ ಗೂಡು ಎಂಗಿರ್ತದೆ ಅಂತ ಬಂದ್ ನೋಡ್ಬುಟ್ಟು ಮಾತಾಡಿ!"

ಗಲ್ಲಾದವನೂ ತಿರುಗಿ ನೋಡಿದ. ಮೂಕಿ ಎನಿಸಿಕೊಂಡವಳು ಈಗ ಜಗಳಗಂಟಿ ಎನಿಸಿಕೊಂಡರೆ ಭಾವನಿಗೆ ಏನು ಹೇಳಲಿ ಎಂದುಕೊಳ್ಳುತ್ತ ಇನ್ನೊಂದು ಲೋಟ ನೀರು ತರಿಸಿದೆ.

ಬಸ್ಸು ಹತ್ತಿದ ಮೇಲೆ ಮೆಲ್ಲಗೆ ಕೇಳಿದೆ, "ಏನಾಯ್ತವ್ವ?"

"ಬರೀ ಜಗ್ಳ ಚಿಕ್ಕವ್ವ," ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು. "ಟೈಮೇ ಸಾಲ್ನಿಲ್ಲ. ಮಿಕ್ಕಿದ್ದುನ್ನ ಆಡಕ್ಕೆ ಭಾನುವಾರ ಅವರವ್ವನ್ನೂ ಕರ್ಕಂಡು ಮನೆಗೇ ಬತ್ತಾರಂತೆ."

ಕೂತಲ್ಲೇ ಮಾದಪ್ಪನಿಗೆ ಕೈ ಮುಗಿದೆ. ನಾಲ್ಕು ಮಾತು ಕೊಡಪ್ಪ ಎಂದು ಬೇಡಿದ್ದೆ, ಜಗಳವನ್ನೇ ಕೊಟ್ಟಿದ್ದಾನೆ. ಅದು ಬೇಗ ಮುಗಿದುಹೋಗುವ ಪದಾರ್ಥವಲ್ಲ.