ಅಂದಾಜಮ್ಮ ಮತ್ತು ಆರದ ಒಲೆ

ಬ್ರೆಡ್ ಕಾರ್ಖಾನೆಯಲ್ಲಿ ಅವಳಿಗೆ ಅಂದಾಜಮ್ಮ ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನು ತಿರುಗಿಸಿದಳೋ ಇಲ್ಲವೋ ಎಲ್ಲರ ಬಾಯಲ್ಲೂ ಅದೇ. ಅವಳಿಗೂ ಗೊತ್ತು, ಬೇಜಾರೇನೂ ಇಲ್ಲ. ಯಾವ ಕೆಲಸವೇ ಇರಲಿ, "ಎಷ್ಟು ಹೊತ್ತಾಗುತ್ತೆ ಮೇಡಂ?" ಎಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಅಂದಾಜು ಬೇಕಾ, ಗ್ಯಾರಂಟಿ ಬೇಕಾ?" ಎನ್ನುತ್ತಾಳೆ. ಗ್ಯಾರಂಟಿ ಬೇಕು ಅಂದವರಿಗೆ, "ಅದನ್ನ ಕೆಲಸ ಮುಗಿದ ಮೇಲೆ ಕೊಡ್ತೀನಿ" ಎಂದು ಹೇಳಿ ಸಾಗಹಾಕುತ್ತಾಳೆ. ಇಂಥವಳ ಜೊತೆ ಗಂಡನಾದವನು ಹೇಗೆ ಸಂಸಾರ ಮಾಡುತ್ತಾನೋ ಎಂದು ಪ್ಯಾಕಿಂಗ್ ಹೆಂಗಸರಿಗೆ ಅಚ್ಚರಿ. ಅವನ "ಐದೇ ನಿಮಿಷ, ಬಂದೆ" ಎಂಬುದಕ್ಕೆ ಮುಕ್ಕಾಲು ಗಂಟೆ ಎಂದು ಅರ್ಥ ಅನ್ನುವುದನ್ನು ಅವಳು ಮದುವೆಯಾದ ಹೊಸದರಲ್ಲೇ ಕಂಡುಹಿಡಿದುಬಿಟ್ಟಳು. ಆಮೇಲೆ ಆ ವಿಷಯಕ್ಕೆ ಜಗಳವೇ ಆಗಿಲ್ಲ.

ಕಾರ್ಖಾನೆಯ ಡೇಟಾಬೇಸ್ ನೋಡಿಕೊಳ್ಳುವುದು ಅವಳ ಕೆಲಸ. ಯಾವ ಅಂಗಡಿಗೆ ನಾಳೆ ಎಷ್ಟು ಬ್ರೆಡ್, ಯಾವ ವ್ಯಾನು ಯಾವ ಬೀದಿಗೆ, ಗೋದಾಮಿನಲ್ಲಿ ಎಷ್ಟು ಮೈದಾ, ಯಾರಿಗೆ ಯಾವ ಪಾಳಿ, ಇಷ್ಟೂ ಇರುವುದು ಒಂದು ಹಳೆಯ ಸರ್ವರಿನ ಹೊಟ್ಟೆಯಲ್ಲಿ. ಅದು ಇತ್ತೀಚೆಗೆ ಎರಡು ಸಲ ಕೈಕೊಟ್ಟಿತ್ತು. ಎಷ್ಟು ಹಿಟ್ಟು ಕಲಸಬೇಕೆಂದು ಯಾರಿಗೂ ತಿಳಿಯದೆ, ಒಂದು ಕಡೆ ಬ್ರೆಡ್ ರಾಶಿ ಬಿದ್ದು ಹಳಸಿತು, ಇನ್ನೊಂದು ಕಡೆ ಅಂಗಡಿಗಳು ಖಾಲಿ ಹೊಡೆದವು. ಕೊನೆಗೂ ಹೊಸ ಸರ್ವರ್ ಬಂತು. ಹಳೆಯದರಲ್ಲಿರುವ ಎಲ್ಲವನ್ನೂ ಹೊಸದಕ್ಕೆ ಸಾಗಿಸಬೇಕು, ಸಾಗಿಸುವಷ್ಟು ಹೊತ್ತೂ ಇಡೀ ವ್ಯವಸ್ಥೆ ಬಂದ್. ಬೇರೆ ಕಡೆ ಇಂಥ ಕೆಲಸವನ್ನು ಊರು ಮಲಗಿದ ಮೇಲೆ ಮಾಡುತ್ತಾರೆ. ಬ್ರೆಡ್ ಕಾರ್ಖಾನೆಯೋ, ಊರು ಮಲಗಿದ ಮೇಲೆಯೇ ಏಳುವಂಥದ್ದು. ಹಾಗಾಗಿ ಬೆಳಗಿನ ವ್ಯಾನುಗಳು ಹೊರಟ ಮೇಲೆ ಶುರುಮಾಡಿ, ಸಂಜೆ ಹಿಟ್ಟು ಕಲಸುವ ಮುಂಚೆ, ಹಾಡಹಗಲೇ ಮುಗಿಸಬೇಕಿತ್ತು.

"ಎಷ್ಟು ಹೊತ್ತು?" ಎಂದರು ಮ್ಯಾನೇಜರು.

"ಅಂದಾಜು ಬೇಕಾ ಸಾರ್, ಗ್ಯಾರಂಟಿ ಬೇಕಾ?"

"ನಿಮ್ಮ ಕೆಲಸ ಉಳಿಸೋದು ಯಾವುದೋ ಅದು ಬೇಕು" ಎಂದು ಅವರು ನಕ್ಕರು. ಆ ನಗುವಿನಲ್ಲಿ ತಮಾಷೆ ಅರ್ಧವೇ ಇತ್ತು. ಐದು ಗಂಟೆಗಿಂತ ಹೆಚ್ಚಾಗುವುದಾದರೆ ಈ ಉಸಾಬರಿಯೇ ಬೇಡ, ಹಳೆಯದೇ ಕುಂಟುತ್ತಾ ನಡೆಯಲಿ ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು. ಐದು ಅಂತ ಬರೆದು, ಆ ದಿನ ಏಳಾದರೆ ರಾತ್ರಿಯ ಬ್ರೆಡ್ ಇಲ್ಲ, ಬೆಳಿಗ್ಗೆ ತಲೆ ಕೊಡಬೇಕಾದವಳು ಅಂದಾಜಮ್ಮ.

ಹೊಸ ಸರ್ವರ್ ಮಾರಿದ ಕಂಪನಿಯಿಂದ ಒಬ್ಬ ಟೈ ಕಟ್ಟಿದ ಆಸಾಮಿ ಬಂದಿದ್ದ. "ಮೂರು ಗಂಟೆ ಅಂತ ಬರೀರಿ ಮೇಡಂ. ಎಲ್ಲ ಕಡೆ ಅಷ್ಟೇ" ಎಂದ. ಎಲ್ಲ ಕಡೆ ಅಂದರೆ ಯಾವ ಕಡೆ ಎಂದು ಅವಳು ಕೇಳಿದಾಗ ಅವನು ಟೈ ಸರಿಮಾಡಿಕೊಂಡ.

ಅವಳು ತಾಲೀಮು ನಡೆಸಿದಳು. ಡೇಟಾಬೇಸಿನ ಹಿಂದಿನ ದಿನದ ಪ್ರತಿಯನ್ನು ಅದೇ ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿ ನೋಡಿದಳು. ನಾಲ್ಕು ಗಂಟೆ ಚಿಲ್ಲರೆ ಹಿಡಿಯಿತು. ಇನ್ನೊಂದು ದಿನ ಮಾಡಿದಳು, ಅಷ್ಟೇ. ಮ್ಯಾನೇಜರಿಗೆ ಖುಷಿಯೋ ಖುಷಿ. ಅಷ್ಟಕ್ಕೆ ಸುಮ್ಮನಿದ್ದರೆ ಅವಳು ಅಂದಾಜಮ್ಮ ಹೇಗಾದಾಳು? ಮೂರನೆಯ ಸಲವೂ ಮಾಡಿದಳು. ಹತ್ತಿರ ಹತ್ತಿರ ಏಳು ಗಂಟೆ!

ಅದೇ ಡೇಟಾ, ಅದೇ ಕೇಬಲ್ಲು, ಅದೇ ಎರಡು ಸರ್ವರ್. ಅವಳ ತಲೆಗೆ ಹುಳ ಹೊಕ್ಕಿತು. ಯಾರಾದರೂ ಮಧ್ಯೆ ಏನಾದರೂ ಓಡಿಸಿದರೋ ಎಂದು ಹುಡುಕಿದಳು, ಇಲ್ಲ. ಕೇಬಲ್ ಬದಲಾಯಿಸಿದಳು, ಡಿಸ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು, ಎಲ್ಲವೂ ನೆಟ್ಟಗಿದ್ದವು. ಟೈನವನು "ಒಂದೊಂದ್ಸಲ ಹಾಗಾಗುತ್ತೆ ಮೇಡಂ" ಎಂದ. ಈ ಮಾತು ಕೇಳಿದರೆ ಅವಳಿಗೆ ಪಿತ್ತ ನೆತ್ತಿಗೇರುತ್ತದೆ. ಒಂದೊಂದು ಸಲ ಆಗುವುದಕ್ಕೂ ಒಂದು ಕಾರಣ ಇರಬೇಕಲ್ಲ?

ಉತ್ತರ ಹೇಳಿದ್ದು ಬೆಕ್ಕು. ಗೋದಾಮಿನ ಇಲಿ ಹಿಡಿಯಲಿ ಎಂದು ಸಾಕಿದ ಆ ಸೋಮಾರಿ ಬೆಕ್ಕು, ಸರ್ವರ್ ಕೋಣೆಯ ಹೊರಗಿನ ಮೊಗಸಾಲೆಯಲ್ಲಿ ಗೋಡೆಗೆ ಬೆನ್ನು ಅಂಟಿಸಿಕೊಂಡೇ ಮಲಗುವುದು. ಅದನ್ನು ದಾಟಿಯೇ ಅವಳು ದಿನವೂ ಒಳಗೆ ಹೋಗಬೇಕು. ಮೂರನೆಯ ತಾಲೀಮಿನ ದಿನ ದಾಟಲು ಬೆಕ್ಕೇ ಇರಲಿಲ್ಲ ಎಂಬುದು ತಡವಾಗಿ ನೆನಪಾಯಿತು. ಮುಂದಿನ ವಾರ ಬೆಕ್ಕು ಮತ್ತೆ ಕಾಣೆಯಾದ ದಿನ ಅವಳು ಗೋಡೆ ಮುಟ್ಟಿ, ತಟಕ್ಕನೆ ಕೈ ಹಿಂದೆಗೆದುಕೊಂಡಳು. ಅಷ್ಟು ಬಿಸಿ. ಅದೇ ಗೋಡೆಯೇ ಸರ್ವರ್ ಕೋಣೆಯ ಹಿಂಗೋಡೆ. ಕೋಣೆ ಕಾದರೆ ಹಳೆಯ ಸರ್ವರ್ ಸುಟ್ಟುಹೋಗದಿರಲು ತಾನಾಗಿಯೇ ನಿಧಾನವಾಗುತ್ತದೆ, ಉರಿಬಿಸಿಲಲ್ಲಿ ನಡೆಯುವ ಮುದುಕರ ಹಾಗೆ.

ಗೋಡೆಯ ಆ ಬದಿಯಲ್ಲಿ ರಸ್ಕ್ ಸುಡುವ ಇಟ್ಟಿಗೆಯ ಸೌದೆ ಒಲೆಯಿತ್ತು. ಉಳಿದ ದಿನ ಅದರಲ್ಲಿ ಸಣ್ಣ ಉರಿ, ರಸ್ಕಿನ ದಿನ ಧಗಧಗ. ಸಾಗಿಸುವುದಕ್ಕೆ ಟೈನವನ ಕಂಪನಿಯವರು ಕೊಟ್ಟ ದಿನವೋ, ಸರಿಯಾಗಿ ರಸ್ಕಿನ ದಿನವೇ. ಆ ಒಲೆಯ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಮಾವ. ಇಬ್ಬರೂ ಒಂದೇ ಗೋಡೆಯ ಎರಡು ಬದಿಗೆ ಅಷ್ಟು ವರ್ಷದಿಂದ ದುಡಿಯುತ್ತಿದ್ದರೂ, ಒಬ್ಬರ ಕೆಲಸ ಇನ್ನೊಬ್ಬರು ಹತ್ತಿರದಿಂದ ನೋಡಿದ್ದಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ಮಾವ, ಈ ಸಲದ ರಸ್ಕಿನ ದಿನ ಒಲೆ ಸಣ್ಣ ಉರಿಯಲ್ಲೇ ಇಡಕ್ಕಾಗುತ್ತಾ? ನನ್ನ ಸರ್ವರ್ ಕಾಯ್ತಿರೋದು ನಿಮ್ಮ ಬೆಂಕಿಗೆ."

ಮಾವ ತುತ್ತು ನುಂಗಿ, "ಎಷ್ಟು ಹೊತ್ತು?" ಎಂದರು.

ಬಾಯಿಯವರೆಗೂ ಬಂದ ಮಾತನ್ನು ಅವಳು ನುಂಗಿಕೊಂಡಳು. ಮಾವನ ಹತ್ತಿರ ಅದು ನಡೆಯುವುದಿಲ್ಲ. "ಐದು ಗಂಟೆ."

"ಆಯ್ತು. ನೀನು ಶುರುಮಾಡಿ ಐದು ಗಂಟೆ ಕಳೆದಿದ್ದೇ ಉರಿ ಏರಿಸ್ತೀನಿ. ನಿನ್ನ ಡಬ್ಬದ ಕೆಲಸ ಮುಗೀತೋ ಇಲ್ವೋ ಅಂತ ಕೇಳಕ್ಕೆ ಬರಲ್ಲ."

ಕೆಲಸ ಕೈಗೂಡಿತ್ತು, ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಹುಟ್ಟುಗುಣ ಬಿಡಬೇಕಲ್ಲ.

"ಸುಮ್ನೆ ಕೇಳ್ತೀನಿ ಮಾವ. ಒಲೆ ಪೂರ್ತಿ ಆರಿಸಿಬಿಟ್ರೆ, ಮತ್ತೆ ಕಾಯೋಕೆ ಎಷ್ಟು ಹೊತ್ತು ಬೇಕು?"

"ಆರಿಸೋದೇ ಇಲ್ಲ."

"ಆರಿಸಿದ್ರೆ?"

"ನಾನು ಕೆಲಸಕ್ಕೆ ಸೇರಿದಾಗಿಂದ ಆರಿಲ್ಲ. ನನಗೆ ಕಲಿಸಿದ ಮೇಸ್ತ್ರಿ ಕಾಲದಲ್ಲೂ ಆರಿಲ್ಲ. ತಣ್ಣಗಾದ್ರೆ ಒಳಗಿನ ಕಮಾನು ಬಿರುಕು ಬಿಡುತ್ತೆ ಅಂತಾರೆ."

"ಯಾರು ಅಂತಾರೆ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ, "ಇಬ್ರೂ ಆ ಕಾರ್ಖಾನೆನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ, ಆಮೇಲೆ ಊಟ ಮಾಡಿ" ಎಂದು ಗದರಿದರು. ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಅಂದಿನಿಂದ ಅವರು ಸೊಸೆಯ ಜೊತೆ ಬೇಕಾದಷ್ಟೇ ಮಾತಾಡಿದರು. ಬೆಂಕಿಯ ಮುಂದೆ ಆಯುಸ್ಸು ಸವೆಸಿದ ಮನುಷ್ಯನಿಗೆ ಯಾರು ಅಂತಾರೆ ಎಂದು ಕೇಳಿದ್ದು ಅಧಿಕಪ್ರಸಂಗವಾಯಿತು ಎಂದು ಅವಳಿಗೆ ನಿಜವಾಗಿಯೂ ಸಂಕಟವಾಯಿತು. ಕ್ಷಮೆ ಕೇಳೋಣವೆಂದರೆ ಅವರು ಮುಖ ಕೊಟ್ಟು ನಿಂತರೆ ತಾನೆ?

ಐದು ಗಂಟೆ ಎಂದು ಬರೆದು ಸಹಿ ಹಾಕಿದಳು. ಮಾಲೀಕರೂ ಒಪ್ಪಿದರು.

ಆ ದಿನ ಬೆಳಿಗ್ಗೆ ಕೊನೆಯ ವ್ಯಾನು ಗೇಟು ದಾಟಿತು. ಅಂದಾಜಮ್ಮ ಮೊಗಸಾಲೆಗೆ ಬಂದಳು. ಬೆಕ್ಕಿಲ್ಲ! ಮಾವ ಮುನಿಸಿನಲ್ಲಿ ಉರಿ ಏರಿಸಿಯೇ ಬಿಟ್ಟರೇ? ಅಂಜುತ್ತಲೇ ಗೋಡೆಗೆ ಅಂಗೈ ಒತ್ತಿದಳು. ಬಿಸಿಯೂ ಇಲ್ಲ, ಬೆಚ್ಚಗೂ ಇಲ್ಲ, ತಣ್ಣಗೆ ಕೊರೆಯುತ್ತಿತ್ತು. ಯೋಚಿಸಲು ಪುರಸೊತ್ತಿರಲಿಲ್ಲ, ಒಳಗೆ ಮ್ಯಾನೇಜರು ಕಾಯುತ್ತಿದ್ದರು. ಎಲ್ಲರ ಕಂಪ್ಯೂಟರುಗಳನ್ನೂ ಬಂದ್ ಮಾಡಿಸಿ, ಸಾಗಿಸುವ ಕೆಲಸ ಶುರುಮಾಡಿದಳು.

ಪರದೆಯ ಮೇಲೆ ಅಂಕಿಗಳು ಸರಸರ ಓಡಿದವು. ಟೈನವನು ಮೊಬೈಲಿನಲ್ಲಿ ಮುಳುಗಿದ್ದ, ಮ್ಯಾನೇಜರು ಕೂತಲ್ಲಿ ಕೂರಲಿಲ್ಲ. ಮಧ್ಯಾಹ್ನದ ಊಟದ ಗಂಟೆ ಹೊಡೆದು ಇನ್ನೂ ಯಾರೂ ಕೈ ತೊಳೆದಿರಲಿಲ್ಲ, ಸಾಗಾಟ ಮುಗಿದೇಹೋಯಿತು. ಹಳೆಯ ಮೊತ್ತ, ಹೊಸ ಮೊತ್ತ, ಎರಡನ್ನೂ ತಾಳೆ ನೋಡಿದಳು. ಒಂದು ಬ್ರೆಡ್ಡಿನಷ್ಟೂ ವ್ಯತ್ಯಾಸವಿಲ್ಲ. ಮೂರೂಕಾಲು ಗಂಟೆ ಹಿಡಿದಿತ್ತು, ಅಷ್ಟೇ.

ಮ್ಯಾನೇಜರು ಚಪ್ಪಾಳೆ ತಟ್ಟಿದರು. ಟೈನವನು, "ಮೂರು ಗಂಟೆ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ ಮೇಡಂ?" ಎಂದು ಹಲ್ಲು ಕಿರಿದ. ಬೇರೆ ಯಾರೇ ಆಗಿದ್ದರೂ ಉಸ್ಸಪ್ಪಾ ಎಂದು ಊಟಕ್ಕೆ ಹೋಗುತ್ತಿದ್ದರು. ಇವಳಿಗೆ ಮಾತ್ರ ತುತ್ತು ಇಳಿಯುವ ಹಾಗಿರಲಿಲ್ಲ. ನಾಲ್ಕು ಚಿಲ್ಲರೆ ಆಗಬೇಕಾದದ್ದು ಮೂರೂಕಾಲು ಹೇಗಾಯಿತು? ಸಂತೋಷ ಕೊಡುವ ತಪ್ಪು ಲೆಕ್ಕವೂ ಅವಳ ಪಾಲಿಗೆ ತಪ್ಪು ಲೆಕ್ಕವೇ. ಸೀದಾ ಗೋಡೆಯ ಆ ಬದಿಗೆ ನಡೆದಳು.

ಒಲೆಯ ಬಾಯಿ ಕಪ್ಪಗೆ ತೆರೆದಿತ್ತು. ಒಂದು ಕೆಂಡವೂ ಇಲ್ಲ. ಮುಂದೆ, ಬೋರಲು ಹಾಕಿದ ಟ್ರೇ ಮೇಲೆ, ಟಾರ್ಚು ಹಿಡಿದು ಮಾವ ಕೂತಿದ್ದರು. ತನ್ನ ಹಾಸಿಗೆ ಕದ್ದವರು ಇವರೇ ಎನ್ನುವ ಹಾಗೆ ಬೆಕ್ಕು ಅವರನ್ನೇ ದುರುಗುಟ್ಟಿ ನೋಡುತ್ತಿತ್ತು.

"ಮಾವ! ಪೂರ್ತಿ ಆರಿಸಿಬಿಟ್ರಾ?"

"ಮೊನ್ನೆಯೇ. ರಿಪೇರಿ ಅಂತ ಹೇಳಿದ್ದೀನಿ ಎಲ್ರಿಗೂ. ನಿನಗೆ ಹೇಳಿದ್ರೆ ಬೇಡ ಅಂತಿದ್ದೆ."

"ನನ್ನ ಕೆಲಸಕ್ಕೋಸ್ಕರ ನೀವು..."

"ನಿನ್ನ ಡಬ್ಬಕ್ಕಲ್ಲ ಕಣಮ್ಮಾ" ಎಂದರು ಮಾವ. "ಯಾರು ಅಂತಾರೆ ಅಂತ ಕೇಳಿದ್ಯಲ್ಲ, ಅವತ್ತಿಂದ ನಂಗೆ ಅನ್ನ ಸೇರಿಲ್ಲ. ನೋಡು, ನನ್ನ ಆಯುಸ್ಸೆಲ್ಲ ಈ ಒಲೆ ಮುಂದೆ ಕಳೆದೆ. ಬಾಗಿಲ ಹತ್ರದ ನಾಲ್ಕು ಇಟ್ಟಿಗೆ ಬಿಟ್ರೆ ಒಳಗೆ ಹೇಗಿದೆ ಅಂತ ಒಂದ್ಸಲಾನೂ ನೋಡಿರ್ಲಿಲ್ಲ. ಈ ವರ್ಷ ನಾನು ರಿಟೈರು. ನೋಡದೇ ಹೋಗಿಬಿಡ್ತಿದ್ದೆ."

"ಕಮಾನು ಬಿರುಕು ಬಿಟ್ಟಿದ್ರೆ?"

"ಬಿಟ್ಟಿದ್ರೆ ಗೊತ್ತಾಗ್ತಿತ್ತು" ಎಂದು ಟಾರ್ಚನ್ನು ಅವಳ ಕೈಗಿತ್ತರು. "ತಗೋ, ನೀನೂ ನೋಡು."

ಅವಳು ಮಂಡಿಯೂರಿ ತಲೆ ಒಳಗೆ ಹಾಕಿದಳು. ಮಸಿಯ ವಾಸನೆ, ಸೀದ ಸಕ್ಕರೆಯ ವಾಸನೆ. ಮೇಲೆ ಇಟ್ಟಿಗೆಯ ಕಮಾನು ಸಾಲು ಸಾಲಾಗಿ ಕತ್ತಲೊಳಗೆ ಬಾಗಿ ಹೋಗಿತ್ತು. ನಟ್ಟನಡುವೆ ಒಂದು ಬಿರುಕು. ಅದರ ತುಂಬ ಬೇರೆ ಬಣ್ಣದ ಮಣ್ಣು ಮೆತ್ತಿತ್ತು, ಮೆತ್ತಿದ ಮಣ್ಣಿನ ಮೇಲೆ ಹಳೆಯ ಮಸಿ ಗಟ್ಟಿ ಕೂತಿತ್ತು.

"ಮಾವ, ಇದನ್ನ ಯಾರೋ ಒಳಗೆ ಬಂದು ಮೆತ್ತಿದ್ದಾರೆ! ಅಂದ್ರೆ ಒಲೆ ಮುಂಚೆ ಯಾವಾಗ್ಲೋ ಆರಿತ್ತು."

"ಹೂಂ. ಆರಿತ್ತು, ಬಿರುಕೂ ಬಿಟ್ಟಿತ್ತು, ಮತ್ತೆ ಹತ್ತಿಸಿದ್ರು. ನಮಗೆ ಯಾರೂ ಹೇಳ್ಲಿಲ್ಲ ಅಷ್ಟೇ" ಎಂದು ಮಾವ ನಕ್ಕರು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಇಬ್ಬರೂ ಸೇರಿ ಸೌದೆ ಒಟ್ಟಿದರು. ಮಾವ ಕಡ್ಡಿ ಗೀರಿದರು. ಸಣ್ಣ ಚಕ್ಕೆಗಳು ಹೊತ್ತಿಕೊಂಡು, ಉರಿ ಮೆಲ್ಲಗೆ ಒಳಗೆ ಸರಿಯಿತು. ಬೆಕ್ಕು ಒಂದು ಹೆಜ್ಜೆ ಹತ್ತಿರ ಬಂತು.

"ಕಾಯೋಕೆ ಎಷ್ಟು ಹೊತ್ತಾಗುತ್ತೆ ಮಾವ?"

ಮಾವ ಹಣೆಯ ಮೇಲೆ ಇಲ್ಲದ ಕನ್ನಡಕವನ್ನು ಏರಿಸಿಕೊಂಡರು. "ಅಂದಾಜು ಬೇಕಾ, ಗ್ಯಾರಂಟಿ ಬೇಕಾ?"

ಅವಳು ಗಡಿಯಾರ ನೋಡಿಕೊಂಡು, ಇನ್ನೊಂದು ಟ್ರೇ ಬೋರಲು ಹಾಕಿ, ಅವರ ಪಕ್ಕದಲ್ಲಿ ಕೂತಳು.