ಮಾವನವರ ಕಾರು, ನನ್ನ ಕಾಲು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕಾರು ಓಡದಂತೆ ಹಿಡಿದುಕೊಳ್ಳಲು ಬರುತ್ತದೆ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಎಂಬತ್ತರ ದಶಕದ ಒಂದು ಶುಕ್ರವಾರ, ರಾಜಾಜಿನಗರದ ನಮ್ಮ ಮನೆಯ ಅಂಗಳದಲ್ಲಿ, ಬ್ರೇಕಿನ ಮೇಲೆ ಬಲಗಾಲಿಟ್ಟು, ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತ ನಾನು ಕಲಿತ ವಿದ್ಯೆ ಅದು.

ನಾನು ಹುಟ್ಟಾ ಪುಕ್ಕಲಿ. ಕುಕ್ಕರು ಕೂಗಿದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ. ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುವಾಗ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತೇನೆ. ಇವೆಲ್ಲಕ್ಕಿಂತ ಹೆಚ್ಚಿನ ಭಯ ಮಾವನವರದು. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ಭಯಕ್ಕೆ ಕಾರಣವೇ ಅದು. ಬೈಯುವವರದು ಬೈದ ಮೇಲೆ ಮುಗಿಯುತ್ತದೆ. ಬೈಯದವರದು ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಲೇ ಇರಬೇಕು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ ನಾನು. ನಾನು "ಕಾಫಿ, ಮಾವ" ಎನ್ನುವುದು, ಅವರು "ಹ್ಞೂಂ" ಎನ್ನುವುದು, ನಮ್ಮಿಬ್ಬರ ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಮಾವನವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕಬ್ಬಿಣದ ತುಂಡನ್ನು ಬೆರಳ ತುದಿಯಿಂದ ಸವರಿ, ಕೂದಲೆಳೆಯಷ್ಟು ಹೆಚ್ಚಿದೆಯೋ ಕಡಿಮೆಯಿದೆಯೋ ಹೇಳಬಲ್ಲವರೆಂದು ನನ್ನ ಗಂಡ ಹೆಮ್ಮೆಯಿಂದ ಹೇಳುತ್ತಿದ್ದರು. ನಿವೃತ್ತಿಯಾದಾಗ ಮಾವನವರು ಒಂದು ಹಳೆಯ ಕಾರು ಕೊಂಡರು. ಅದನ್ನು ಒಂದು ದಿನವೂ ಗ್ಯಾರೇಜಿಗೆ ಬಿಟ್ಟವರಲ್ಲ. ಊರಿಗೆಲ್ಲ ಉಪಕರಣ ಮಾಡಿಕೊಟ್ಟ ಕೈ, ಇನ್ನೊಬ್ಬರ ಕೈಗೆ ತನ್ನ ಗಾಡಿ ಕೊಟ್ಟೀತೆ?

ಆ ತಿಂಗಳು ಕಾರು ಎರಡು ಬೆಲ್ಟು ತಿಂದಿತ್ತು. ತಪ್ಪು ಬೆಲ್ಟಿನದಲ್ಲ, ಪುಲ್ಲಿಯದು ಎಂದರು ಮಾವನವರು. ಎಂಜಿನ್ನಿನ ಮೂತಿಯಲ್ಲಿ, ಸಣ್ಣ ತಟ್ಟೆಯಷ್ಟು ಅಗಲದ ಕಬ್ಬಿಣದ ಗಾಲಿಯೊಂದಿರುತ್ತದೆ. ಅದೇ ಕ್ರ್ಯಾಂಕ್ ಪುಲ್ಲಿ. ಎಂಜಿನ್ ತಿರುಗಿದಂತೆ ಅದೂ ತಿರುಗಿ, ಬೆಲ್ಟಿನ ಮೂಲಕ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ನಮ್ಮದರ ಅಂಚು ಮುಕ್ಕಾಗಿ ಬೆಲ್ಟನ್ನು ಕೊಯ್ಯುತ್ತಿತ್ತು. ಜೆ.ಸಿ. ರಸ್ತೆಯಿಂದ ಹೊಸ ಪುಲ್ಲಿಯೇನೋ ಬಂತು, ಆದರೆ ವಾರವಾದರೂ ಕಾಗದ ಸುತ್ತಿಕೊಂಡು ಷೆಲ್ಫಿನಲ್ಲೇ ಕೂತಿತ್ತು. ಅತ್ತೆ ತಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಕೆಂಗೇರಿಗೆ ಹೋಗಿದ್ದರು. ಭಾನುವಾರ ಅವರನ್ನು ಕರೆತರಬೇಕಿತ್ತು.

ಶುಕ್ರವಾರ ನನ್ನ ಗಂಡ ಬ್ಯಾಂಕಿಗೆ ಹೋದ ಮೇಲೆ ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೋಡಮ್ಮ, ಸ್ವಲ್ಪ ಕೆಲಸ ಇದೆ. ಕಾರಲ್ಲಿ ಕೂತ್ಕೋಬೇಕು."

"ಎಲ್ಲಿಗೆ ಹೋಗ್ತಿದೀವಿ ಮಾವ?"

"ಎಲ್ಲಿಗೂ ಇಲ್ಲ. ಹೋಗಬಾರದು ಅಂತಾನೇ ಕೂತ್ಕೊಳ್ಳೋದು."

ಹೋಗಿ ನೋಡಿದರೆ ರೇಡಿಯೇಟರನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಕಾರಿನ ಮೂತಿಯೂ ಆ ಕಡೆಗೇ. ಮಾವನವರು ಕೂರಬೇಕಾದ ಮಣೆ ಆ ಮೂತಿಯ ಮುಂದೆ.

"ನಡುವೆ ಇರೋದು ಬ್ರೇಕು. ಗಾಡಿ ಟಾಪ್ ಗೇರಲ್ಲಿದೆ. ನೀನು ಬ್ರೇಕ್ ಒತ್ತಿ ಹಿಡಿದ್ರೆ ಚಕ್ರ ತಿರುಗಲ್ಲ. ಚಕ್ರ ತಿರುಗದಿದ್ರೆ ಎಂಜಿನ್ ತಿರುಗಲ್ಲ. ಆಗ ನಾನು ನಟ್ಟು ಬಿಚ್ಚಬಹುದು. ಅರ್ಥ ಆಯ್ತಾ?"

ತಲೆಯಾಡಿಸಿದೆ. ನನಗೆ ಅರ್ಥವಾದದ್ದು ಒಂದೇ: ನನ್ನ ಕಾಲು ಜಾರಿದರೆ ಕಾರು ಕೆಳಗೆ ಹೋಗುತ್ತದೆ, ಕೆಳಗೆ ಮಾವನವರಿದ್ದಾರೆ. ಚಕ್ರಗಳಿಗೆ ಸೈಜುಗಲ್ಲು ಕೊಟ್ಟಿದ್ದರು, ನಿಜ. ನನ್ನ ಭಯ ಆ ಕಲ್ಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕನ್ನಡ ಎಂ.ಎ.ಯಲ್ಲಿ ನಾವು, ಮನಸ್ಸಿನ ಭಾವ ಮೈಮೇಲೆ ತೋರುವ ಎಂಟು ಸಾತ್ತ್ವಿಕ ಭಾವಗಳನ್ನು ಉರು ಹೊಡೆದಿದ್ದೆವು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಪರೀಕ್ಷೆಯಲ್ಲಿ ಯಾವಾಗಲೂ ಒಂದೆರಡು ಮರೆಯುತ್ತಿದ್ದವು. ಅಂದು ಆ ಕಪ್ಪು ರೆಕ್ಸಿನ್ ಸೀಟಿನ ಮೇಲೆ ಕೂತಾಗ ಒಂದೂ ಮರೆಯಲಿಲ್ಲ. ಕಡೆಯದಾದ ಮೂರ್ಛೆಯೊಂದನ್ನು ಬಿಟ್ಟು ಉಳಿದವೆಲ್ಲ ಒಂದೊಂದಾಗಿ ಬಂದು ಹಾಜರಿ ಹಾಕಿದವು.

ಎತ್ತಿ ನಿಲ್ಲಿಸಿದ ಬಾನೆಟ್ಟು ಗೋಡೆಯಂತೆ ಎದುರಿಗಿತ್ತು. ಮಾವನವರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳಿಸುತ್ತಿತ್ತು. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಅವರು ಜಗ್ಗಿದಾಗಲೆಲ್ಲ ಇಡೀ ಕಾರು ಅಲುಗಿ, ನಾನು ಎರಡೂ ಕಾಲನ್ನು ಬ್ರೇಕಿನ ಮೇಲೆ ಹೇರುತ್ತಿದ್ದೆ. ನಟ್ಟು ಜಪ್ಪಯ್ಯ ಅನ್ನಲಿಲ್ಲ. ಜಗ್ಗುವುದು ನಿಂತಾಗ ಇನ್ನೊಂದು ಸದ್ದು ಕೇಳಿಸುತ್ತಿತ್ತು. ನಟ್ಟಿಗೆ ಸ್ಪ್ಯಾನರ್ ತಾಕುವ ಟಿಕಿಟಿಕಿ ಸದ್ದು.

ಆ ಸದ್ದು ನನಗೆ ಗೊತ್ತಿತ್ತು. ಮೂರು ತಿಂಗಳಿಂದ ಬೆಳಿಗ್ಗೆ ಮಾವನವರು ಕಾಫಿಯ ಲೋಟ ಎತ್ತುವಾಗ ಅದು ಬಟ್ಟಲಿಗೆ ತಾಕಿ ಬರುತ್ತಿದ್ದುದು ಇದೇ ಸದ್ದು. ಅವರು ಬೇಗನೆ ಲೋಟ ಕೆಳಗಿಟ್ಟು ಪೇಪರ್ ಎತ್ತಿಕೊಳ್ಳುತ್ತಿದ್ದರು. ಆಗ ಪೇಪರ್ ಅಲುಗುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋಗುತ್ತಿದ್ದೆ. ಮಗ ಮನೆಯಲ್ಲಿಲ್ಲದ ದಿನವನ್ನೇ ಅವರು ಈ ಕೆಲಸಕ್ಕೆ ಆರಿಸಿಕೊಂಡದ್ದೇಕೆಂದು ಈಗ ಹೊಳೆಯಿತು. ನಡುಗುವ ಕೈ ಮಗನ ಕಣ್ಣಿಗೆ ಬೀಳಬಾರದಿತ್ತು. ನಾನಾದರೆ ಬಾಯಿಬಿಡುವವಳಲ್ಲ.

"ಸ್ಪ್ಯಾನರ್ ಸವ್ದೋಗಿದೆ," ಎನ್ನುತ್ತ ಮಾವನವರು ಎದ್ದು ಬಂದರು. "ಬ್ರೇಕ್ ಬಿಡು. ಬೇರೆ ದಾರಿ ಇದೆ."

ಆ ಬೇರೆ ದಾರಿ ಇದು. ಗಾಡಿಯನ್ನು ನ್ಯೂಟ್ರಲ್ಲಿಗೆ ತರುವುದು. ಎಂಜಿನ್ ಹೊತ್ತಿಕೊಳ್ಳದಂತೆ ಕಾಯಿಲ್ ವೈರ್ ಕೀಳುವುದು. ನಟ್ಟಿಗೆ ಸ್ಪ್ಯಾನರ್ ಹಾಕಿ, ಪೈಪಿನ ತುದಿಯನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಷಾಸಿಗೆ ಆನಿಸುವುದು. ಆಮೇಲೆ ನಾನು ಕೀ ತಿರುಗಿಸಿ ತಕ್ಷಣ ಬಿಡಬೇಕು. ಸ್ಟಾರ್ಟರ್ ಒಂದೇ ಏಟಿಗೆ ಎಂಜಿನ್ನನ್ನು ತಿರುಗಿಸಿದಾಗ, ಅಲ್ಲಾಡದ ಸ್ಪ್ಯಾನರು ನಟ್ಟನ್ನು ಸಡಿಲಿಸುತ್ತದೆ.

"ಸ್ಪ್ಯಾನರ್ ಎಗರಿದ್ರೆ?" ಎಂದೆ. ಮಾವನವರ ಮಾತಿಗೆ ನಾನು ಅನುಮಾನ ಎತ್ತಿದ್ದು ಅದೇ ಮೊದಲು.

"ಅದಕ್ಕೇ ಯಾರೂ ಹತ್ರ ಇರಬಾರದು."

ಆದರೆ ಸ್ಪ್ಯಾನರ್ ತಾನಾಗಿ ನಟ್ಟಿನ ಮೇಲೆ ನಿಲ್ಲಲು ಒಪ್ಪಲಿಲ್ಲ. ಅವರು ಕೂರಿಸಿ ಕೈ ತೆಗೆಯುವಷ್ಟರಲ್ಲಿ ಜಾರಿ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಬಾನೆಟ್ಟಿನ ಆಚೆಯಿಂದ ಮಾತು ಬಂತು.

"ನಾನು ಹಿಡಿದುಕೊಂಡೇ ಇರ್ತೀನಿ. ನೀನು ಕೀ ತಿರುಗಿಸು."

"ಆಗಲ್ಲ ಮಾವ."

"ಒಂದು ಕ್ಷಣದ ಕೆಲಸ ಅಷ್ಟೆ."

"ನಾನು ತಿರುಗಿಸಲ್ಲ."

ಹೇಳಿದ್ದು ನಾನೇ ಎಂದು ನಂಬಿಕೆ ಬರಲಿಲ್ಲ. ನಾಲ್ಕು ವರ್ಷದಿಂದ ಕಾಯುತ್ತಿದ್ದ ಬೈಗುಳ ಈಗ ಬರುತ್ತದೆ ಎಂದುಕೊಂಡು ಕೆಳಗಿಳಿದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, "ಕಟ್ಟಿಬಿಡೋಣ ಮಾವ," ಎಂದೆ. ಅವರು ಜಾಗ ಬಿಟ್ಟರು. ಅವರು ಸ್ಪ್ಯಾನರನ್ನು ಒತ್ತಿ ಹಿಡಿದರು, ನಾನು ಹಗ್ಗ ಸುತ್ತಿ ಗಂಟು ಹಾಕಿದೆ. ಅವರ ಕೈಯೂ ನಡುಗುತ್ತಿತ್ತು, ನನ್ನ ಕೈಯೂ ನಡುಗುತ್ತಿತ್ತು. ಒಂದು ಗಂಟಿಗೆ ಇಷ್ಟು ಹೊತ್ತು ಯಾರೂ ತೆಗೆದುಕೊಂಡಿರಲಾರರು.

"ನಿನಗ್ಯಾಕಮ್ಮ ಕೈ ನಡುಗ್ತಿದೆ?"

"ಭಯ ಮಾವ."

ಅವರು ಗಂಟನ್ನು ಒಮ್ಮೆ ಎಳೆದು ನೋಡಿದರು.

"ನಂದು ಉಲ್ಟಾ," ಎಂದರು. "ಮೊದಲು ನಡುಕ ಬಂತು. ಭಯ ಆಮೇಲೆ ಬಂತು."

ನಾನು ಹೋಗಿ ಸೀಟಿನಲ್ಲಿ ಕೂತೆ. ಮಾವನವರು ಜಗಲಿಯ ಕಂಬದ ಹಿಂದೆ ನಿಲ್ಲುತ್ತೇನೆಂದು ಹೇಳಿ ಬಾನೆಟ್ಟಿನ ಮರೆಯಾದರು. "ಈಗ!" ಎಂಬ ಕೂಗು ಬಂತು. ಕೀ ತಿರುಗಿಸಿದೆ.

ಢಣ್ ಎಂದು ಸದ್ದಾಗಿ ಕಾರು ಕುಪ್ಪಳಿಸಿತು. ಕೀ ಬಿಟ್ಟೆ.

"ಮಾವ?"

ಉತ್ತರವಿಲ್ಲ.

"ಮಾವ!"

ಉತ್ತರವಿಲ್ಲ. ಇಳಿಯಬೇಕೆಂದರೆ ಬಾಗಿಲಿನ ಹಿಡಿ ಎಲ್ಲಿದೆಯೆಂದೇ ಕೈಗೆ ತಿಳಿಯಲಿಲ್ಲ. ಅತ್ತೆಗೆ ಏನು ಹೇಳಲಿ, ಇವರಿಗೆ ಏನು ಹೇಳಲಿ, ಬ್ಯಾಂಕಿಗೆ ಫೋನು ಮಾಡಲು ಯಾರ ಮನೆಗೆ ಓಡಲಿ? ಹೇಗೋ ಇಳಿದು ಮುಂದೆ ಹೋದೆ. ಮಾವನವರು ಮಣೆಯ ಮೇಲೆ ಕೂತು, ಸಡಿಲಾದ ನಟ್ಟನ್ನು ಎರಡು ಬೆರಳಿನಿಂದ ತಿರುಗಿಸುತ್ತ, ಮಗು ಪೆಪ್ಪರ್‌ಮಿಂಟ್ ನೋಡುವಂತೆ ಅದನ್ನೇ ನೋಡುತ್ತಿದ್ದರು.

"ಕರೆದ್ರೆ ಓ ಅನ್ನಬಾರದಾ ಮಾವ!" ಎಂದು ನಾನೇ ಅವರನ್ನು ಬೈದೆ.

"ಬಂತಮ್ಮ," ಎಂದರು ಅವರು. ಬೈದದ್ದು ಅವರಿಗೆ ಕೇಳಿಸಿದಂತಿರಲಿಲ್ಲ.

ಹೊಸ ಪುಲ್ಲಿ ಕೂರಿಸುವ ಮೊದಲು ಅರ್ಧಚಂದ್ರದಂಥ ಪುಟ್ಟ ಲೋಹದ ಬಿಲ್ಲೆಯೊಂದನ್ನು ಎಂಜಿನ್ನಿನ ದಂಡದ ಸೀಳಿನೊಳಗೆ ಸೇರಿಸಬೇಕಿತ್ತು. ಪುಲ್ಲಿ ಜಾರದಂತೆ ಹಿಡಿಯುವುದು ಅದೇ. ಅವರು ಕೇಳುವ ಮೊದಲೇ ನಾನು ಕೈ ಚಾಚಿದೆ, ಅವರೂ ಕೊಟ್ಟರು. ನಟ್ಟು ಬಿಗಿಯುವ ಹೊತ್ತಿಗೆ ಅವರು ಸೆರಗು ಸಿಕ್ಕಿಸಿಕೊಳ್ಳುವಂತೆ ನನಗೆ ಹೇಳಿ, ತಾವೇ ಹೋಗಿ ಸೀಟಿನಲ್ಲಿ ಕೂತು, ಗಾಡಿಯನ್ನು ಮತ್ತೆ ಟಾಪ್ ಗೇರಿಗೆ ಹಾಕಿ ಬ್ರೇಕ್ ಒತ್ತಿದರು.

"ಕಾಲು ನಡುಗಲ್ಲ ನಂದು. ನೀನು ಜಗ್ಗು."

ಕೈಯಲ್ಲಿ ಬೊಬ್ಬೆ ಬರುವವರೆಗೆ ಜಗ್ಗಿದೆ. "ಇನ್ನೊಂಚೂರು, ಇನ್ನೊಂಚೂರು" ಎಂದು ಅವರು ಒಳಗಿನಿಂದ ಅನ್ನುತ್ತಲೇ ಇದ್ದರು.

ಸಂಜೆ ನನ್ನ ಗಂಡ ಎಂಜಿನ್ನಿನ ಸದ್ದು ಕೇಳಿ, "ಅಪ್ಪನ ಕೈ ಅಂದ್ರೆ ಕೈ ಕಣೇ!" ಎಂದರು. ಹೌದೆಂದೆ. ನಿಜವಾದ ಭಯ ಶುರುವಾದದ್ದು ಆಗ. ಜೀವಮಾನದಲ್ಲಿ ಡಬ್ಬಿಯ ಮುಚ್ಚಳ ಬಿಟ್ಟರೆ ಬೇರೇನನ್ನೂ ಬಿಗಿಯದವಳು ನಾನು. ನಾನು ಬಿಗಿದ ನಟ್ಟನ್ನು ನಂಬಿ ಮನೆಯವರೆಲ್ಲ ಭಾನುವಾರ ಕೆಂಗೇರಿಗೆ ಹೊರಡಲಿದ್ದರು.

ಭಾನುವಾರ ವಿಜಯನಗರ ದಾಟಿ ಮೈಸೂರು ರಸ್ತೆ ಹಿಡಿದೆವು. ಇವರು ಓಡಿಸುತ್ತಿದ್ದರು, ಮಾವನವರು ಪಕ್ಕದಲ್ಲಿ, ನಾನು ಹಿಂದೆ. ಎಂಜಿನ್ನಿನ ಸದ್ದು ಒಂಚೂರು ಬದಲಾದರೂ ನಾನು ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತಿದ್ದೆ. ನಾಯಂಡಹಳ್ಳಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಮಾವನವರು ಗಾಡಿ ನಿಲ್ಲಿಸಲು ಹೇಳಿದರು. ಇಳಿದು ಬಾನೆಟ್ ಎತ್ತಿಸಿ, ನನ್ನನ್ನು ಕರೆದರು.

"ನೋಡಮ್ಮ, ಅಲ್ಲಾಡ್ತಿದೆಯಾ?"

ಎಂಜಿನ್ ಓಡುತ್ತಿತ್ತು, ಪುಲ್ಲಿ ತಿರುಗುತ್ತಿತ್ತು. ಬಗ್ಗಿ ನೋಡಿ, "ಇಲ್ಲ ಮಾವ," ಎಂದೆ.

"ಅವಳಿಗೇನು ಗೊತ್ತಾಗತ್ತೆ ಅಪ್ಪ?" ಎಂದು ಇವರು ನಕ್ಕರು.

"ಬಿಗಿದವಳಿಗೆ ಗೊತ್ತಾಗದೆ ನಿನಗೆ ಗೊತ್ತಾಗತ್ತೇನೋ?" ಎಂದ ಮಾವನವರು ಬಲಗೈಯನ್ನು ಮಗನ ಮುಂದೆ ಚಾಚಿದರು. ಮುಷ್ಟಿ ಕಟ್ಟಲಿಲ್ಲ, ಜೇಬಿಗೆ ಹಾಕಿಕೊಳ್ಳಲಿಲ್ಲ. "ನನ್ನ ಕೈ ನಡುಗತ್ತೆ ಕಣೋ. ಮೂರು ತಿಂಗಳಾಯ್ತು. ನಾಳೆ ಡಾಕ್ಟರ ಹತ್ರ ಹೋಗ್ಬೇಕು ಅಂತಿದೀನಿ."

ಬೆಂಗಳೂರಿನ ಕಡೆಗೆ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಇವರು ಆ ಕೈಯನ್ನು ನೋಡಿದರು, ನನ್ನನ್ನು ನೋಡಿದರು, ಬಾನೆಟ್ಟನ್ನು ಮಗುವನ್ನು ಮಲಗಿಸುವಂತೆ ಮೆಲ್ಲಗೆ ಇಳಿಸಿದರು. ಮುಖ ಬಿಳಿಚಿಕೊಂಡಿತ್ತು. ಎರಡು ದಿನದಿಂದ ನನ್ನಲ್ಲಿದ್ದ ಭಯ ಈಗ ಇವರಿಗೂ ಅಂಟಿತ್ತು. ಪಾಪ ಎನ್ನಿಸಿತು, ಹಾಗೆಯೇ, ಒಬ್ಬಳೇ ಹೊತ್ತಿದ್ದ ಕೊಡವನ್ನು ಯಾರೋ ಇನ್ನೊಂದು ಕಡೆಯಿಂದ ಹಿಡಿದಂತೆಯೂ ಆಯಿತು.

ಅಲ್ಲಿಂದ ಕೆಂಗೇರಿಯವರೆಗೆ ಇವರು ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ನಮ್ಮನ್ನು ದಾಟಿಕೊಂಡು ಹೋದ. ಜೋರಾಗಿ ಹೋಗು ಎಂದು ನಾವ್ಯಾರೂ ಅನ್ನಲಿಲ್ಲ.